ಗುಡ್ಡ ಹತ್ತಿದ ಚಿಕ್ಕ ಎಂಜಿನ್

ಚಿಕ್ಕ ಎಂಜಿನ್ ಗುಡ್ಡ ಹತ್ತುತ್ತೆ ಅಂತ ಎಲ್ಲರೂ ನಂಬಿದ್ರು ಭಾವ. ಯಜಮಾನ್ರು ನಂಬಿದ್ರು, ಲಾರಿ ಮಾರೋರು ಮೊದಲೇ ನಂಬಿದ್ರು... ಅಷ್ಟೇಕೆ, ನೀವೇ ನಂಬಿದ್ರಿ. ಎರಡು ವರ್ಷದ ಹಿಂದೆ ಟ್ರಯಲ್ ದಿನ ಸ್ಟೇರಿಂಗ್ ಹಿಡಿದು ಹತ್ತಿಸಿದ್ದೇ ನೀವು. ಈಗ ಒಂದು ಸಹಿ ಹಾಕೋಕೆ ಇಷ್ಟು ಯೋಚನೆ ಯಾಕೆ?

ಕೂತ್ಕೊಳ್ಳಿ. ಬಾಗಿಲು ಹಾಕಿರಲಿ. ಆ ಆರು ಜನ ಡ್ರೈವರುಗಳು ಹೊರಗೆ ಬೆಂಚಿನ ಮೇಲೆ ಕೂತು ಕಿವಿ ಇಲ್ಲೇ ಇಟ್ಟಿದಾರೆ. ಗೊತ್ತು, ಆರೂ ಜನ ನಿಮ್ಮ ಕೈಕೆಳಗೆ ಕಲಿತವರು. ಅದಕ್ಕೇ ನಿಮ್ಮ ಸಹಿ ಬೇಕಿರೋದು. ಮೂರು ಗಂಟೆಗೆ ಅವರ ವಿಚಾರಣೆ. ಕಾಗದದಲ್ಲಿ ಇರೋದು ಎರಡೇ ಸಾಲು. ‘ಪೂರ್ತಿ ಲೋಡಿನಲ್ಲಿ ಇದೇ ಎಂಜಿನ್ ಗುಡ್ಡ ಹತ್ತಿದ್ದನ್ನ ನಾನೇ ಓಡಿಸಿ ನೋಡಿದೀನಿ. ಈ ಆರು ಗಾಡಿಗಳ ಕ್ಲಚ್ ಸುಟ್ಟಿದ್ದು ಓಡಿಸಿದ ರೀತಿಯಿಂದ.’ ಅಷ್ಟೇ.

ಯಾಕೆ ನಗ್ತೀರಿ?

...ಹೌದು, ಹೊಸ ಗಾಡೀಲಿ ಗೇರೂ ಕ್ಲಚ್ಚೂ ತಾವಾಗೇ ಕೆಲಸ ಮಾಡ್ತವೆ. ಕ್ಲಚ್ ಪೆಡಲೇ ಇಲ್ಲ. ಇಲ್ಲದ ಪೆಡಲನ್ನ ತಪ್ಪಾಗಿ ಒತ್ತಿದ್ರು ಅಂತ ಆರು ಜನರ ಕೆಲಸ ಹೋಗುತ್ತೆ, ಅದಕ್ಕೆ ತಾನೆ ನಗು? ತಮಾಷೆಯೇ, ಒಪ್ತೀನಿ. ಆದ್ರೆ ಗುಡ್ಡದ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಗಾಡಿ ಎತ್ತಿದ್ದು ಅವರ ಕಾಲೇ ಅಲ್ವಾ?

ನಿಲ್ಲಿಸಲಿಲ್ಲ, ತಾನೇ ನಿಂತು ಹೋಯ್ತು ಅಂತಾರೆ. ಎಲ್ಲರೂ ಹಾಗೇ ಅಂತಾರೆ.

ನೋಡಿ, ಎಂಜಿನ್ ಆರಿಸೋ ಕೆಲಸ ನನ್ನದು. ಶೋಕಿಗೆ ಆರಿಸಿದ್ದಲ್ಲ. ಯಜಮಾನ್ರಿಗೆ ಮೊದಲು ಗ್ಯಾಸ್ ಬೇಕಿತ್ತು, ಆಮೇಲೆ ಬ್ಯಾಟರಿ. ಬ್ಯಾಟರಿಯ ತೂಕ ಹೇಳಿದ ಮೇಲೆ ಸುಮ್ಮನಾದ್ರು. ಡ್ರೈವರುಗಳು ದೊಡ್ಡ ಎಂಜಿನ್ನೇ ಬೇಕು ಅಂತ ಹಟ ಹಿಡಿದ್ರು. ಅದು ಬೇಕಿದ್ದದ್ದು ಲೋಡಿಗಲ್ಲ, ಅವರ ಮೀಸೆಗೆ. ನಾಲ್ಕು ನೂರು ಗಾಡಿ ಭಾವ, ದಾರಿಯೆಲ್ಲ ಅಂಗೈ ಹಾಗೆ ಸಪಾಟು. ಚಿಕ್ಕದು ಹಗುರ, ಡೀಸೆಲ್ ಕುಡಿಯೋದು ಕಡಿಮೆ. ಎಲ್ಲಾ ಸರಿ ಇತ್ತು. ಆ ಒಂದು ಗುಡ್ಡ... ಹನ್ನೊಂದು ಕಿಲೋಮೀಟರ್. ಅದೊಂದು ಹತ್ತಲಿ, ಒಪ್ತೀನಿ ಅಂದ್ರು ಯಜಮಾನ್ರು. ಹತ್ತಿತು. ಇಪ್ಪತ್ತಾರು ನಿಮಿಷ. ದೊಡ್ಡದಕ್ಕಿಂತ ಒಂದೇ ನಿಮಿಷ ಹೆಚ್ಚು.

ನಿಮ್ಮ ಪಕ್ಕದ ಸೀಟಲ್ಲಿ ಗಡಿಯಾರ ಹಿಡಿದು ಕೂತಿದ್ದೆನಲ್ಲ, ನೆನಪಿದೆಯಾ? ತೂಕದ ಚೀಟಿ ಫೈಲಲ್ಲಿದೆ. ಟ್ರೇಲರ್ ಮೇಲೆ ನೀರಿನ ಟ್ಯಾಂಕುಗಳು, ತುಂಬಿ ತುಳುಕೋ ಹಾಗೆ, ಗಾಡಿ ಸೇರಿ ನಲವತ್ತು ಟನ್. ಡಿಪೋ ಗೇಟಲ್ಲೇ ತೂಗಿದ್ದು. ಗುಡ್ಡದ ಬುಡದಲ್ಲಿ ಊಟಕ್ಕೆ ನಿಂತ್ವಿ. ನೀವು ಊಟ ಮುಗಿಸಿ ಮರದ ಕೆಳಗೆ ಒಂದೆರಡು ಗಂಟೆ ಮಲಗಿದ್ರಿ. ನಾನು ಟೈರ್ ನೋಡ್ತೀನಿ ಅಂತ ಗಾಡಿ ಹತ್ರ ಇದ್ದೆ. ಆಮೇಲೆ ಹತ್ತಿಸಿದ್ರಿ. ಮೇಲೆ ಹೋದ ಮೇಲೆ ನಿಮ್ಮನ್ನ ಎಷ್ಟು ಹೊಗಳಿದೆ... ಹೂವಿನ ಬುಟ್ಟಿ ಎತ್ತಿದ ಹಾಗೆ ಎತ್ತಿದ್ರಿ ಅಂದೆ. ವಾಪಸ್ ಬಂದಾಗ ಯಾರೂ ತೂಗಲಿಲ್ಲ, ಸರಿ. ಮೇಲೆ ನೀರು ಚೆಲ್ಲಿ ಖಾಲಿ ಇಳಿಯೋದೇ ಕ್ರಮ ತಾನೆ?

ಇವತ್ತು ಬಂದಾಗಿನಿಂದ ಬಾಯಿ ಬಿಟ್ಟಿಲ್ಲ ನೀವು. ಅಕ್ಕ ಏನಾದ್ರೂ ಹೇಳಿದಾಳಾ? ನಾನು ಈ ಕುರ್ಚಿಯಿಂದ ಇಳಿದ್ರೆ ಅವಳಿಗೂ ಅವಮಾನ. ಪೆನ್ನು ತಗೊಳ್ಳಿ.

ಎಲ್ಲಿಗೆ ಎದ್ರಿ? ಕೈ ತೊಳೀಬೇಕಾ? ಬೇಸಿನ್ ಆ ಮೂಲೇಲಿದೆ.

...ಕೈ ಒಡ್ಡಲೇ ಇಲ್ಲವಲ್ಲ. ನಲ್ಲಿ ಯಾಕೆ ಹಾಗೇ ಬಿಟ್ಟಿದೀರಿ?

ನಿಲ್ಲಿಸಿ ಭಾವ. ನೀರು ಸುಮ್ಮನೆ ಹೋಗ್ತಿದೆ.

ನನ್ನನ್ನ ಯಾಕೆ ಹಾಗೆ ನೋಡ್ತೀರಿ? ನೀವು ಮಲಗಿದ್ರಿ. ಎರಡು ಸಲ ಬಂದು ನೋಡಿದೆ, ಗೊರಕೆ ಹೊಡೀತಿದ್ರಿ. ಎದ್ದು ಬರೋ ಹೊತ್ತಿಗೆ ಆ ಬಿಸಿಲಿಗೆ ನೆಲ ಆರಿಹೋಗಿತ್ತು, ನಾನೇ ನೋಡಿದೆ...

ನೆಲ ನೋಡಬೇಕಾಗಿರಲಿಲ್ಲ, ಅಲ್ವಾ? ಮೂವತ್ತು ವರ್ಷ ಲೋಡ್ ಎಳೆದ ಕಾಲು. ಮೊದಲನೇ ತಿರುವಿನಲ್ಲೇ ಗೊತ್ತಾಗಿರುತ್ತೆ. ಎರಡು ವರ್ಷ... ಅಕ್ಕನಿಗೋಸ್ಕರ ಸುಮ್ಮನಿದ್ರಾ?

ಬಾಗಿಲು ಯಾಕೆ ತೆಗೀತೀರಿ? ಅವರಿಗೆ ಕೇಳುತ್ತೆ. ಭಾವ, ಅವರಿಗೆ ಕೇಳುತ್ತೆ.

...ಸರಿ. ಕೇಳಲಿ. ಗುಡ್ಡ ಹತ್ತುವಾಗ ಟ್ಯಾಂಕುಗಳಲ್ಲಿ ನೀರಿರಲಿಲ್ಲ.