ಚೇಳಿನ ಹಣಿಗಿ

…ಅಲ್ಲೇ ಕಟ್ಟಿ ಮ್ಯಾಲ ಕುಂದ್ರು, ದುರ್ಗಾ. ಕೈ ಕೆಳಗ ಇಳಿಬಿಡು. ಎಲ್ಲಿ ಕಡೀತು? ಹೊಲದಾಗ, ಜ್ವಾಳದ ಕಣಿಕಿ ಸೂಡು ಎತ್ತೂ ಮುಂದ? ಬಾಯಿ ಬ್ಯಾಡ, ತಲಿ ಅಲ್ಲಾಡಸು ಸಾಕು. ಆತು.

ಡಬ್ಬಿ ಕೊಡು ಇಲ್ಲೆ. ಚೇಳು ಜೀವಂತ ತಂದೀ, ಶ್ಯಾಣ್ಯಾಕಿ. ಮಂದಿ ಹೆದರಿ ಜಜ್ಜಿ ತರತಾರ. ಸತ್ತ ಚೇಳು ನನಗೇನು ಹೇಳತೈತಿ?

ಯಾಕ ಡಬ್ಬಿ ಬಿಡವಲ್ಲಿ? ತಿಳೀತು. ಶಾಹಿದ್ ಟಂಟಂ ಗಾಡಿ ನಿಲ್ಲಿಸಿಕೊಂಡು ಕಾಯಾಕತ್ತಾನ. ನವಲಗುಂದ ದವಾಖಾನಿಗೆ ಹೋಗ್ಲೋ ಬ್ಯಾಡೋ, ಲಗೂನ ಹೇಳು ಅಂತೀ. ಅದನ್ನ ಹೇಳಾಕ ಕುಂತೀನಿ. ಮೂವತ್ತು ವರ್ಷ ಆತು, ಈ ಊರಾಗ ಯಾರಿಗೆ ಕಡದ್ರೂ ಮೊದಲ ನನ್ನ, ಈ ಹೊಳಬಸಪ್ಪನ ಕಟ್ಟಿ. ಮಂತ್ರ ಇಲ್ಲ, ಬೂದಿ ಇಲ್ಲ. ನಿನಗ ಕಡದ ಚೇಳಿನ ಕಡೆ ನಾನೂ ಕಡಸ್ಕೋತೀನಿ. ನನ್ನ ಉರಿ ಮಣಿಕಟ್ಟಿನ್ಯಾಗ ನಿಂತ್ರ ನೀ ಮನಿಗೆ ಹೋಗು. ಮೊಣಕೈ ದಾಟಿದ್ರ ದವಾಖಾನಿ. ಇಷ್ಟ.

ಮಾರಿ ಯಾಕ ಹಂಗ ಮಾಡತೀ? ಹುಚ್ಚ ಮುದುಕ ಅಂತೀಯೇನು? ನಿನ್ನ ಗಂಡ ಮೈಲಾರಿನೂ ಅಂತಾನ. ಅಂದು, ಚೇಳು ಕಂಡ ಕೂಡಲೆ ಇಲ್ಲೇ ಓಡಿ ಬರತಾನ.

ಹಾಂ. ಬಂತು ಅಂಗೈಗೆ. ಕೆಂಪಂದು, ಸಣ್ಣದು. ಕೆಂಪು ಅಂತ ಹೆದರಬ್ಯಾಡ, ಬಣ್ಣ ನೋಡಿ ಹೇಳೂದಲ್ಲ ಇದು.

ಇದರ ಹೊಟ್ಟಿ ಎಂದಾರ ನೋಡೀಯೇನು? ಬಾಲ ಹಿಡದು ಎತ್ತತೀನಿ, ನೋಡು. ಹಿಂದಿನ ಕಾಲಿನ ಬುಡಕ್ಕ ಎರಡು ಹಣಿಗಿ. ಹೇನು ತಗಿಯೂ ಹಣಿಗಿ ಇದ್ದಂಗ, ಹಲ್ಲು ಹಲ್ಲು. ಮೂವತ್ತು ವರ್ಷ ಹಿಡದೂ ನನಗ ಗೊತ್ತಿರಲಿಲ್ಲ. ಮಳಿಗಾಲದಾಗ ಧಾರವಾಡದಿಂದ ಶಾಂಭವಿ ಅಂತ ಒಬ್ಬಾಕಿ ಕಾಲೇಜ್ ಮೇಡಂ ಚೇಳು ನೋಡಾಕ ಬಂದಿದ್ಲಲ್ಲ, ಆಕಿ ತೋರಿಸಿದ್ಲು. ನಡಿಯೂ ಮುಂದ ಇದರೀಲೆ ನೆಲ ಸವರತೈತಂತ. ಆ ದಾರೀಲೆ ಯಾವ ಚೇಳು ಹೋಗೈತಿ, ಹೆಣ್ಣೋ ಗಂಡೋ, ಎಲ್ಲಾ ಹಣಿಗಿಗೆ ಗೊತ್ತು. ಕಾಲಾಗ ಸಣ್ಣ ಸೀಳು ಅದಾವಂತ, ನಮ್ಮ ಕಣ್ಣಿಗೆ ಕಾಣೂದಿಲ್ಲ. ಬಾಜೂಕ ಒಂದು ಹುಳ ಹರದ್ರ ಮಣ್ಣು ನಡಗೂದು ಅದಕ್ಕ ತಿಳೀತೈತಿ. ಈ ಮುಂದಿನ ಇಕ್ಕಳದಂಥ ಕೈ ಮ್ಯಾಲ ಕೂದಲಾ. ಗಾಳಿ ಅಲ್ಲಾಡಿದ್ರ ಸಾಕು. ಕಣ್ಣು ಹೆಸರಿಗಷ್ಟ. ನೋಡೂದೆಲ್ಲಾ ಕೈಕಾಲೀಲೆ.

ಒಂದು ವರ್ಷ ಆಡದ ಮಾತು ಇವತ್ತ ಆಡಿದೆ.

ಯಾಕ ಬೆವರಾಕತ್ತೀ? ಬೇವಿನ ನೆಳ್ಳಾಗ ಕುಂತು? ಕುಬಸದ ತೋಳು ತೊಯ್ದೈತಿ. ಹೆದರಿಕಿಗೆ ಬರತೈತಿ ಬೆವರು. ತಡಿ, ಕಡಸ್ಕೋತೀನಿ. ಕಡ್ಡೀಲೆ ಒತ್ತಾಕತ್ತೀನಿ… ಕಡಿವಲ್ದು. ಹಟಮಾರಿ ಐತಿ ಇದು. ಇನ್ನೊಮ್ಮೆ ಒತ್ತತೀನಿ… ಇಲ್ಲ.

ಏನು ನೋಡತೀ? ನನ್ನ ಮಾರಿ ಬಿಟ್ಟು ಕೈ ಯಾಕ ನೋಡತೀ?

ನನಗ ಕಡೀತೇನು?

ಯಾವಾಗ?

ಎರಡು ಬೆರಳು ತೋರಸ್ತೀ… ಎರಡು ಸಲ?

ಹೂಂ. ರಗತ ಬಂದೈತಿ. ಮಾತಿನ ಗದ್ದಲದಾಗ ಲಕ್ಷ್ಯ ಇರಲಿಲ್ಲ. ಈಗ ಉರಿ ಬಂತು ನೋಡು. ಮಣಿಕಟ್ಟಿನ್ಯಾಗ ಐತಿ. ಅಲ್ಲೇ ನಿಂತೈತಿ. ತಣ್ಣಂದು, ಜೋರಿಲ್ಲದ ವಿಷ ಇದು. ಮನಿಗೆ ಹೋಗಿ ಮಲಕೋ, ನಾಳಿಗೆ ಆರಾಮ ಆಕ್ಕೀ.

ಹೋಗು ಅಂದ್ನಲ್ಲ.

ಯಾಕ ಏಳವಲ್ಲಿ? ಏನರ ಅನ್ನು. ಬೈ. ಮೈಲಾರಿ ಹಂಗ ಹುಚ್ಚ ಅನ್ನು… ಹಂಗ ನನ್ನ ಕೈ ನೋಡಕೋತ ಕುಂದ್ರಬ್ಯಾಡ ಬೇ.

ಆತು.

ಇಲ್ಲ. ಉರಿ ಇಲ್ಲ. ಮಣಿಕಟ್ಟಿನ್ಯಾಗೂ ಇಲ್ಲ, ಎಲ್ಲೂ ಇಲ್ಲ. ಸಕ್ಕರಿ ಬ್ಯಾನಿ. ಬೆರಳು ಸತ್ತು ಮೂರು ವರ್ಷ ಆತು. ಬೀಡಿ ಚರ್ಮ ಸುಟ್ಟು ವಾಸನಿ ಬಂದ ಮ್ಯಾಲ ನನಗ ಗೊತ್ತಾತು. ಯಾರ ಮುಂದೂ ಹೇಳಲಿಲ್ಲ. ಹೇಳಿದ್ರ ಈ ಕಟ್ಟಿಗೆ ಯಾರು ಬರತಾರ? ಮಂದಿ ನನ್ನ ಮಾತಾಡಸೂದ ಚೇಳು ಕಡದಾಗ ಅಷ್ಟ. ಅದಕ್ಕ ಕಡಸ್ಕೊಂಡೆ, ಮಣಿಕಟ್ಟು ಅಂದೆ, ಕಳಿಸಿದೆ. ಎಲ್ಲಾರೂ ಉಳದ್ರು.

ನಿಮ್ಮತ್ತಿ ಒಬ್ಬಾಕಿ…

ಹೂಂ, ಅದನ್ನ ಕೇಳಾಕತ್ತೀ ನೀ, ಬಾಯಿ ಬಿಡದ. ಹೋದ ವರ್ಷ ಚೇಳು ಕಡದಾಗ ರೇವವ್ವನೂ ಹಿಂಗ ಬೆವತಿದ್ಲು. ಮನಿಗೆ ಹೋಗು ಅಂದೆ. ಮುಂಜಾನಿ ಏಳಲಿಲ್ಲ. ವಯಸ್ಸಾಗಿತ್ತು ಅಂದ್ರು ಮಂದಿ. ನಾನೂ ಅಂದೆ. ಮಣ್ಣಿಗೆ ಬಂದು, ಒಂದು ಮುಟಗಿ ಹಾಕಿ ಹೋದೆ. ಆ ಮಣ್ಣು ತಣ್ಣಗಿತ್ತೋ ಬಿಸಿ ಇತ್ತೋ, ಅದೂ ಗೊತ್ತಾಗಲಿಲ್ಲ.

ಅಳೂದಿದ್ರ ಆಮ್ಯಾಲ ಅಳುವಂತಿ. ಏಳು. ಶಾಹಿದ್, ಗಾಡಿ ಚಾಲೂ ಮಾಡೋ. ನವಲಗುಂದಕ್ಕ. ಎಲ್ಲೂ ನಿಂದ್ರಬ್ಯಾಡ.

ನನ್ನ ಹೆಗಲಾ ಹಿಡಿ. ನಾನೂ ಬರತೀನಿ. ಕೆಂಪು ಚೇಳು ಅಂತ ಡಾಕ್ಟರಗೆ ಹೇಳಬೇಕು. ನನಗೂ ಕಡದೈತಿ, ಹೌದು. ಮೊದಲ ನೀನು.

ಫೋನ್ ತಗಿ. ಮೈಲಾರಿಗೆ ಹಚ್ಚು. ನೀ ಮಾತಾಡಬ್ಯಾಡ, ನಿನಗ ವಾಂತಿ ಬರಾಕತ್ತೈತಿ. ನನಗ ಕೊಡು. ಅವನ ತಾಯಿ ಸಾವಿಂದು ನಾನ ಹೇಳಬೇಕು.