ಸಿಜಿಜಿ ಕಾರ್ಡಿನ ಕೆಳಗಿನ ಸಹಿ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೇ, ನನ್ನನ್ನು ಬಾಯ್ತುಂಬ ಹೊಗಳಿದ ಮುಖ್ಯ ಅತಿಥಿಗಳೇ, ವಿಶ್ವಕೋಶ ಕಚೇರಿಯ ಗೆಳೆಯರೇ, ಮೂರನೆಯ ಸಾಲಿನಲ್ಲಿ ಕೂತಿರುವ ನನ್ನ ಮನೆಯವಳೇ, ಸಭಿಕರೇ,

ಹಾಳೆಯಿಲ್ಲದೆ ಮೈಕಿನ ಮುಂದೆ ನಿಂತಿದ್ದೇನೆ. ವಯಸ್ಸಾಯಿತು, ಮರೆತು ಬಂದ ಪಾಪ ಅಂದುಕೊಳ್ಳಬೇಡಿ. ಬರೆದು ತಂದ ಭಾಷಣ ಜೇಬಿನಲ್ಲೇ ಇದೆ. ಅದನ್ನು ಓದುವ ಮುಖ ನನಗಿಲ್ಲ. ಈಗಷ್ಟೇ ಈ ಉಡುಗೊರೆಯ ಮೇಲಿನ ಬಟ್ಟೆ ಸರಿಸಿದಿರಲ್ಲ, ಗಾಜಿನೊಳಗಿನ ಈ ಕಾರ್ಡನ್ನು ಆಗಲೇ ನಾನು ಸರಿಯಾಗಿ ಓದಿದ್ದು.

ಅತಿಥಿಗಳು ನಮ್ಮ ವಿಶ್ವಕೋಶದಿಂದ 'ಸಿಜಿಜಿ' ಎಂಬ ಇಂಗ್ಲಿಷ್ ಪದದ ನಮೂದನ್ನು ಓದಿದರು. ನಾಲಿಗೆ ತೊಡರಿದ್ದಕ್ಕೆ ಬೇಸರ ಬೇಡ ಸಾರ್, ನನಗೂ ಮೂವತ್ತು ವರ್ಷದಿಂದ ತೊಡರುತ್ತಿದೆ. ಆದಿ ಕ್ರೈಸ್ತರ ಕಾಲದ ಕೆಲವು ಪಂಥಗಳಲ್ಲಿ ಆ ಪದಕ್ಕೆ ಗಂಡು-ಹೆಣ್ಣಾಗಿ ಕೂಡಿಯೇ ಹೊಮ್ಮುವ ದೈವೀ ಶಕ್ತಿಗಳ ಜೋಡಿ ಎಂದರ್ಥ. ಖಗೋಳದಲ್ಲಿ ಸೂರ್ಯ, ಚಂದ್ರ, ಭೂಮಿ ಸಾಲಾಗಿ ನಿಲ್ಲುವುದು. ಮೊದಲ ಅರ್ಥ ಧರ್ಮೇತಿಹಾಸ ವಿಭಾಗದಲ್ಲಿದ್ದ ನನ್ನ ಮನೆಯವಳ ಪಾಲು, ಎರಡನೆಯದು ಖಗೋಳ ವಿಭಾಗದ ನನ್ನದು. ಪ್ರತಿ ನಮೂದಿಗೂ ಒಂದು ಕಾರ್ಡು, ಬರೆದವರೇ ಅದನ್ನು ಕೈಯಾರೆ ತುಂಬಿ ತಮ್ಮ ಭಾಗದ ಕೆಳಗೆ ಸಹಿ ಹಾಕಬೇಕು. ಆ ನಿಯಮ ತಂದವನೂ ನಾನೇ.

"ಅಮಾವಾಸ್ಯೆಗೆ ಚಂದ್ರ ನಡುವೆ, ಹುಣ್ಣಿಮೆಗೆ ಭೂಮಿ ನಡುವೆ, ನಡುವೆ ನಿಂತವರು ಬದಲಾದರೂ ಸಾಲು ಒಂದೇ." ಅತಿಥಿಗಳು ಓದಿದ ಈ ವಾಕ್ಯಕ್ಕೆ ನೀವು ಚಪ್ಪಾಳೆ ತಟ್ಟಿದಿರಿ. ಎಷ್ಟು ಸಭೆಗಳಲ್ಲಿ ಇದನ್ನು ನನ್ನದೆಂದು ಹೇಳಿ ಬೀಗಿಲ್ಲ ನಾನು! ಮನೆಯ ಊಟದ ಮೇಜಿನಲ್ಲಿ, ಅದೂ ಅವಳ ಎದುರಿಗೇ, ಎಷ್ಟು ಸಲ ಹೇಳಿಲ್ಲ!

ನೀವು ಗಾಜಿನ ಕಟ್ಟು ಹಾಕಿಸಿ ಕೊಟ್ಟಿರುವುದು ಅದೇ ಮೂಲ ಕಾರ್ಡು. ಹತ್ತಿರ ಬಂದು ನೋಡಿ. "ಎರಡೂ ದಿನ ಚಂದ್ರ ನಡುವೆ ಇರುತ್ತಾನೆ" ಎಂಬ ಸಾಲಿದೆ. ನನ್ನ ಅಕ್ಷರ, ಶುದ್ಧ ತಪ್ಪು. ಅದನ್ನು ಹೊಡೆದುಹಾಕಿ ಕೆಳಗೆ ಆ ಚಪ್ಪಾಳೆಯ ವಾಕ್ಯ ಬರೆದಿದೆ. ಅದು ಅವಳ ಅಕ್ಷರ. ಅದರ ಕೆಳಗೆ ನನ್ನ ಸಹಿ!

ಈಗ ನೆನಪಾಗುತ್ತಿದೆ. "ರೀ, ಹುಣ್ಣಿಮೇಲಿ ಚಂದ್ರ ಹೇಗ್ರೀ ನಡುವೆ ಬರ್ತಾನೆ? ಸ್ವಲ್ಪ ನೋಡಿ" ಅಂದಿದ್ದಳು. "ನಿನ್ನ ಪಂಥಗಳನ್ನ ನೀನು ನೋಡ್ಕೋ, ಆಕಾಶ ನನಗೆ ಬಿಡು" ಅಂದಿದ್ದೆ. ಸಂಜೆ ಅರವತ್ತು ಕಾರ್ಡುಗಳ ಕಟ್ಟು ಮೇಜಿಗೆ ಬಂತು. ಓದದೆ ಸಹಿ ಹಾಕಿದೆ. ಅಚ್ಚಿನಲ್ಲಿ ಆ ವಾಕ್ಯ ಕಂಡಾಗ ನನ್ನದೇ ಅಂದುಕೊಂಡೆ. ಒಳ್ಳೆಯ ವಾಕ್ಯ ಇನ್ಯಾರದ್ದಾಗಲು ಸಾಧ್ಯ, ಹೇಳಿ?

ಮೂವತ್ತು ವರ್ಷ ಇದು ನಿನ್ನ ವಾಕ್ಯ ಅಂತ ನೀನು ಹೇಳಲೇ ಇಲ್ಲವಲ್ಲೇ! ನನಗೆ ನಾಚಿಕೆಯಾಗುತ್ತಿದೆ. ತಲೆ ತಗ್ಗಿಸಿ ಕೂರಬೇಡ ಮಹರಾಯ್ತಿ, ತಗ್ಗಿಸಬೇಕಾದವನು ನಾನು.

ಅಧ್ಯಕ್ಷರೇ, ವಿಶ್ವಕೋಶದ ಹೊಸ ಮುದ್ರಣ ನಾಳೆ ಅಚ್ಚಿಗೆ ಹೋಗುತ್ತದಂತೆ. ಅದರಲ್ಲಿ ಈ ವಾಕ್ಯ ಅವಳ ಹೆಸರಿನಲ್ಲಿ ಬರಲಿ. ಇವತ್ತು ಸಂಜೆಯವರೆಗೆ ನಾನಿನ್ನೂ ವಿಭಾಗದ ಮುಖ್ಯಸ್ಥ. ಮೈಕಿನವರೇ, ನಿಮ್ಮ ಹತ್ತಿರ ಸ್ಕ್ರೂಡ್ರೈವರ್ ಇದೆಯಾ? ಈ ಗಾಜು ಬಿಚ್ಚಿಕೊಡಿ. ನನ್ನ ಸಹಿ ಹೊಡೆದುಹಾಕುತ್ತೇನೆ.

ನೀನು ಮೇಲೆ ಬಾ, ಅಲ್ಲಿ ನಿನ್ನ ಸಹಿ ಹಾಕು, ಪೆನ್ನು ನನ್ನ ಕೈಯಲ್ಲೇ ಇದೆ. ಅವಳು ಮೆಟ್ಟಿಲು ಹತ್ತುವವರೆಗೆ ನೀವು ಯಾರೂ ಏಳಬೇಡಿ. ನನಗೆ ತಟ್ಟಿದ ಚಪ್ಪಾಳೆಯನ್ನು ಅವಳಿಗೆ ಇನ್ನೊಮ್ಮೆ ತಟ್ಟಿದರೆ ಅದೇ ನನಗೆ ನೀವು ಕೊಡುವ ಬೀಳ್ಕೊಡುಗೆ. ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ಅವಳಿಗೆ, ನಮಸ್ಕಾರ.