ಲವ್‌ಡೇ ಬೇಡವೆಂದ ಮನೆ

ಕಾರ್ನ್‌ವಾಲ್‌ನ ಸೇಂಟ್ ಜಸ್ಟ್ ಊರಿನ ಬಸ್ ನಿಲ್ದಾಣ. ಬಸ್ಸಿಗೆ ಕಾಯುತ್ತಿದ್ದ ಹೆಡ್ರಾ ಎಂಬ ಹೆಂಗಸಿನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು.

"ನೆಲದಿಂದ ರೇಡಾನ್ ವಿಷಗಾಳಿ ಏಳುತ್ತೆ ಅಂತ ಪರೀಕ್ಷೇಲಿ ಬಂದ್ರೂ ಆ ಮನೆ ತಗೊಂಡ್ಯಾ, ಕೆರೆನ್ಸಾ?" ಎಂದಳು ಅಕ್ಕ.

"ನೆಲದಡಿ ಫ್ಯಾನ್ ಹಾಕಿಸ್ತೀವಿ, ಲವ್‌ಡೇ. ಗಾಳಿಯೆಲ್ಲ ಹೊರಗೆ ಹೋಗುತ್ತೆ."

"ನಮ್ಮನೇಲಿ ಅಂಥಾ ಪೀಡೆ ಇಲ್ಲಪ್ಪ."

"ಪರೀಕ್ಷೆ ಮಾಡಿಸ್ದೆ ಹೆಂಗೆ ಗೊತ್ತು? ನಿಮ್ಮದೂ ಆ ಗಾಳಿ ಬಿಡೋ ಇದೇ ಬಂಡೆ ಮೇಲೇ ಇರೋದು."

ಲವ್‌ಡೇ ಮಾತು ತಿರುಗಿಸಿದಳು.

"ಮಹಡಿ ಕಿಟಕೀಲಿ ಸಮುದ್ರ ಕಾಣುತ್ತಲ್ವಾ?"

"ಪೂರ್ತಿ ಕಾಣುತ್ತೆ."

"ಆ ಮನೇನ ಮೊದಲು ನೋಡಿದ್ದು ನಾನು ಕಣೇ."

"ಹೆದರಿ ಬಿಟ್ಟವಳೂ ನೀನೇ."

"ನಾನು ಬಿಟ್ಟಿದ್ದನ್ನ ನೀನು ಮುಟ್ಟಲ್ಲ ಅಂದ್ಕೊಂಡಿದ್ದೆ."

ಬಸ್ಸು ಬಂತು. ಕೆರೆನ್ಸಾ ಮೊದಲು ಹತ್ತಿ, ಅಕ್ಕನಿಗೆಂದು ಪಕ್ಕದ ಸೀಟಿನಲ್ಲಿ ಚೀಲ ಇಟ್ಟಳು. ಲವ್‌ಡೇ ಅದನ್ನು ನೋಡಿಯೂ ದಾಟಿಕೊಂಡು ಹೋಗಿ, ಕಟ್ಟಕಡೆಯ ಸೀಟಿನಲ್ಲಿ ಒಬ್ಬಳೇ ಕೂತಳು.